ದಾನೇಶ್ವರಿಯ ಅಳತೆಯ ಸೈಕಲ್

ಸೊಸೆ ಟಪಾಲಿನ ನೌಕರಿಗೆ ಸೇರಿದ ಹನ್ನೊಂದನೆಯ ದಿನ ರತ್ನಾಬಾಯಿಯ ಮನೆಯಲ್ಲಿ ರೊಟ್ಟಿಯ ಸಲುವಾಗಿ ಮಾತು ಬೆಳೆಯಿತು.

ಚಿಂಚೋಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಆ ಮನೆ. ರತ್ನಾಬಾಯಿಯ ಗಂಡ ಗುರುಲಿಂಗಪ್ಪ ಚಂದ್ರಂಪಳ್ಳಿ ಕೆರೆಯ ಕಾಲುವೆಗೆ ನೀರು ಬಿಡುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ಈಗ ಮನೆಯಲ್ಲಿ ಕೂತವನು. ಮಗ ಶಾಂತಕುಮಾರ ಸೇಡಂ ಹತ್ತಿರದ ಸಿಮೆಂಟು ಕಾರ್ಖಾನೆಯಲ್ಲಿ ಲಾರಿ ತೂಕ ಮಾಡುವ ಕಡೆ ಗುತ್ತಿಗೆಯ ಮೇಲೆ ಇದ್ದ. ದಿನಾ ಮೋಟಾರ್ ಸೈಕಲ್ ಮೇಲೆ ಹೋಗಿ ಬರುತ್ತಿದ್ದ. ಮಗಳು ಬಸವೇಶ್ವರಿ ಊರಿನ ಕಾಲೇಜಿನಲ್ಲಿ ಬಿ.ಎ. ಎರಡನೆಯ ವರ್ಷ. ಸೊಸೆ ದಾನೇಶ್ವರಿ ಈ ಮನೆಗೆ ಬಂದು ಮೂರು ವರ್ಷವಾಗಿತ್ತು. ಹತ್ತನೆಯ ತರಗತಿಯಲ್ಲಿ ಅವಳು ತೆಗೆದಿದ್ದ ಅಂಕಗಳ ಮೇಲೆ, ದೀಪಾವಳಿಗೆ ಸ್ವಲ್ಪ ಮೊದಲು, ಗ್ರಾಮೀಣ ಡಾಕ್ ಸೇವಕಿಯ ನೌಕರಿ ಸಿಕ್ಕಿತು. ಐದು ಕಿಲೋಮೀಟರ್ ಆಚೆಯ ಸೋಮಪಳ್ಳಿಯ ಅಂಚೆ ಶಾಖೆಗೆ ಹೋಗಿ, ಅಲ್ಲಿಂದ ಚೀಲ ಹೊತ್ತು, ಗುಡ್ಡದ ಮೇಲಿನ ಎರಡು ತಾಂಡಾ ಮತ್ತು ಒಂದು ಸಣ್ಣ ಹಳ್ಳಿಗೆ ಕಾಗದ, ಪಿಂಚಣಿ ಮುಟ್ಟಿಸಿ ಬರಬೇಕು. ನಾಲ್ಕು ತಾಸಿನ ಕೆಲಸವೆಂದು ಆದೇಶದಲ್ಲಿ ಬರೆದಿತ್ತು.

"ನಾಲ್ಕು ತಾಸು ಅಂತ ಹೇಳಿದ್ರಿ," ರತ್ನಾಬಾಯಿ ಹಂಚಿನ ಮೇಲಿನ ರೊಟ್ಟಿ ತಿರುವುತ್ತ ಅಂದಳು. "ಮುಂಜಾನಿ ಎಂಟಕ್ಕ ಹೋದಾಕಿ ಸಂಜಿ ಐದೂವರಿಗಿ ಬರಲಿಕತ್ತಾಳ. ಹನ್ನೊಂದು ದಿನದಿಂದ ಸಂಜಿ ರೊಟ್ಟಿ ನನ್ನ ಕೈಯಾಗೇ ಅದ. ರಟ್ಟಿ ಬಿದ್ದು ಹೋಗ್ಯಾವ ನಂದು."

"ಮುಂಜಾನಿ ರೊಟ್ಟಿ ನಾ ಬಡದೇ ಹೋಗ್ತೀನಲ್ರಿ ಅತ್ತಿ," ದಾನೇಶ್ವರಿ ಅಂದಳು. ಆಗ ತಾನೇ ಬಂದು ಬಚ್ಚಲ ಕಲ್ಲಿನ ಮೇಲೆ ಕಾಲು ತೊಳೆಯುತ್ತಿದ್ದಳು. ಹಿಮ್ಮಡಿಯಲ್ಲಿ ಎರಡು ಬೊಬ್ಬೆ ಒಡೆದಿದ್ದವು. "ಕೆಲಸ ನಾಲ್ಕೇ ತಾಸು. ಉಳಿದದ್ದು ನಡಿಯೂದಕ್ಕೇ ಹೋಗ್ತದ. ಮುಂಜಾನಿ ಸೋಮಪಳ್ಳಿ ತನಕ ಬಸ್ ಅದ, ಮುಂದ ಇಲ್ಲ. ಬರುವಾಗ ಅದೂ ಇಲ್ಲ."

"ಬಸ್ಸಿ ಬಡೀಲಿ ಸಂಜಿ ರೊಟ್ಟಿ," ಎಂದ ಗುರುಲಿಂಗಪ್ಪ, ಹಗ್ಗದ ಬಾಜಿನ ಮೇಲೆ ಕೂತು ಮಗಳ ಕಡೆ ನೋಡುತ್ತ.

"ನಂಗ ದುಂಡಗ ಬರಲ್ಲಪ್ಪ," ಬಸವೇಶ್ವರಿ ಫೋನಿನಿಂದ ತಲೆ ಎತ್ತದೆ ಅಂದಳು.

"ಇಲ್ಲಿ ದುಂಡಗ ಇಲ್ಲಂದ್ರ ತಿನ್ನದವ್ರು ಯಾರದಾರ?" ರತ್ನಾಬಾಯಿ ಕೇಳಿದಳು.

ಊಟಕ್ಕೆ ಕೂತಾಗ ದಾನೇಶ್ವರಿ ಮಾತು ತೆಗೆದಳು. ಸೈಕಲ್ಲೊಂದು ಇದ್ದರೆ ಮಧ್ಯಾಹ್ನ ಎರಡರೊಳಗೆ ಮನೆಗೆ ಬರಬಹುದು. ಶಾಲೆಯಲ್ಲಿ ಸರ್ಕಾರ ಕೊಟ್ಟ ಸೈಕಲ್ಲನ್ನು ಮೂರು ವರ್ಷ ತುಳಿದಿದ್ದಳು. ಸೈಕಲ್ ಬರುತ್ತದೆ ಎಂದು ಅರ್ಜಿಯಲ್ಲೂ ಬರೆದುಕೊಟ್ಟಿದ್ದಳು.

"ಸ್ಕೂಟಿ ತಗೊಂಡ್ರ?" ಬಸವೇಶ್ವರಿ ಕೇಳಿದಳು.

"ನಡುವ ನಾಲಾ ಅದ. ಗಾಡಿ ಎತ್ತಿ ದಾಟಸಬೇಕಾಗ್ತದ. ಸ್ಕೂಟಿ ಎತ್ತೂದಾಗಲ್ಲ. ಮ್ಯಾಲ ಪೆಟ್ರೋಲು ಬ್ಯಾರೆ."

"ಸೈಕಲ್ಲಿಗೇನು ಬರಗಾಲ," ಗುರುಲಿಂಗಪ್ಪ ಅಂದ. "ನಂದು ಅಟ್ಟದ ಮ್ಯಾಲ ಅದ. ಮೂವತ್ತು ವರ್ಷ ತುಳದೀನಿ. ಒಂದು ದಿನ ಕೈ ಕೊಟ್ಟಿಲ್ಲ."

ಶಾಂತಕುಮಾರ ಪುಂಡಿಪಲ್ಯ ಬೆರಳಿನಿಂದ ಒರೆಸಿಕೊಳ್ಳುತ್ತ, "ನೋಡೋಣ," ಅಂದ.

ಮರುದಿನ ಗುರುಲಿಂಗಪ್ಪ ತನ್ನ ಕರಿ ಸೈಕಲ್ಲನ್ನು ಅಟ್ಟದಿಂದ ಇಳಿಸಿದ. ಬಜಾರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಅಬ್ದುಲ್ ಮಜೀದನಿಗೆ ಕೊಟ್ಟು ಎರಡು ಗಾಲಿಗೂ ಹೊಸ ಟಯರು, ಟ್ಯೂಬು ಹಾಕಿಸಿದ. ದಾನೇಶ್ವರಿ ಚೂಡಿದಾರ ಹಾಕಿಕೊಂಡು ಮೂರು ದಿನ ಅದನ್ನು ತುಳಿದಳು. ಡಾಂಬರಿನ ಮೇಲೆ ಸರಿ ಹೋಯಿತು. ಸೋಮಪಳ್ಳಿ ದಾಟಿದ ಮೇಲೆ ಕಲ್ಲಿನ ಏರಿನಲ್ಲಿ ಅದು ಹತ್ತಲಿಲ್ಲ, ಇಳಿಜಾರಿನಲ್ಲಿ ನಿಲ್ಲಲಿಲ್ಲ. ನಾಲ್ಕನೆಯ ದಿನ ಬ್ರೇಕು ಹಿಡಿಯದೆ ಕಾಲು ಊರಿ ಊರಿ ಬಂದು ಚಪ್ಪಲಿಯ ಅಟ್ಟೆ ಹರಿಯಿತು.

"ಮಾವ, ಇದು ನಂಗ ಆಗಲ್ರಿ," ಅಂದಳು.

"ನಾ ಮೂವತ್ತು ವರ್ಷ..."

"ನೀವು ಕಾಲುವಿ ದಂಡಿ ಮ್ಯಾಲ ತುಳದೀರಿ. ಅದು ಸಪಾಟ ಅದ. ನಂದು ಗುಡ್ಡ."

ಗುರುಲಿಂಗಪ್ಪ ಅವತ್ತು ರಾತ್ರಿ ಊಟದಲ್ಲಿ ಎರಡನೆಯ ರೊಟ್ಟಿ ಬೇಡವೆಂದ. ಹೊಸ ಟಯರಿನ ರೊಕ್ಕ ಸುಮ್ಮನೆ ಹೋಯಿತೆಂದು ರತ್ನಾಬಾಯಿ ಪಾತ್ರೆ ತಿಕ್ಕುವಾಗ ನಾಲ್ಕು ಸಲ ಅಂದಳು.

ಗುಡ್ಡದ ಸೈಕಲ್ ಎಂಬುದೊಂದು ಬೇರೆಯೇ ಇರುತ್ತದೆ ಎಂದು ಬಸವೇಶ್ವರಿ ಫೋನಿನಲ್ಲಿ ನೋಡಿ ಹೇಳಿದಳು. ದಪ್ಪ ಟಯರು, ಗೇರು, ಮುಂದಿನ ಗಾಲಿಗೆ ಸ್ಪ್ರಿಂಗು. ಅತ್ತಿಗೆ ನಾದಿನಿ ಇಬ್ಬರೂ ಕೂತು ಒಂದು ವಾರ ವೀಡಿಯೋ ನೋಡಿದರು. ಒಬ್ಬ ಒಂದು ಹೇಳಿದರೆ ಇನ್ನೊಬ್ಬ ಅದೇ ಬೇಡ ಅನ್ನುತ್ತಿದ್ದ. ಎಂಟು ಸಾವಿರದ್ದು ಎಂದು ಶುರು ಮಾಡಿದವನು ಕೊನೆಗೆ ನಲವತ್ತು ಸಾವಿರದ್ದು ತೋರಿಸುತ್ತಿದ್ದ. ದಾನೇಶ್ವರಿ ತಲೆ ಹಿಡಿದುಕೊಂಡು, "ಎತ್ತಿ ನೋಡಲಾರದ, ಏರಿ ನೋಡಲಾರದ, ಹ್ಯಾಂಗ ತಿಳೀತದ," ಅಂದಳು.

ಇದನ್ನೆಲ್ಲ ಕೇಳುತ್ತ ಇದ್ದ ಶಾಂತಕುಮಾರ ಯಾರಿಗೂ ಹೇಳದೆ ಒಂದು ಭಾನುವಾರ ಕಲಬುರಗಿಗೆ ಹೋದ. ಸಂಜೆ ಟಂಟಂ ರಿಕ್ಷಾ ಒಂದು ಮನೆಯ ಮುಂದೆ ನಿಂತಿತು. ಅದರಿಂದ ಗಿಳಿಹಸಿರು ಬಣ್ಣದ ಸೈಕಲ್ಲನ್ನು ಇಳಿಸಿದ. ಗಾಲಿಗಳು ಮೋಟಾರ್ ಸೈಕಲ್ಲಿನ ಗಾಲಿಯಷ್ಟು ದಪ್ಪ. ಮುಂದೂ ಸ್ಪ್ರಿಂಗು, ಸೀಟಿನ ಕೆಳಗೂ ಸ್ಪ್ರಿಂಗು. ಓಣಿಯ ಜನ ಬಂದು ನಿಂತರು.

"ಎಷ್ಟು?" ಗುರುಲಿಂಗಪ್ಪ ಕೇಳಿದ.

"ಹದಿಮೂರುವರಿ ಸಾವಿರ. ದೀಪಾವಳಿ ಬೋನಸ್ ರೊಕ್ಕ."

ರತ್ನಾಬಾಯಿಗೆ ಆ ಹೊತ್ತು ಹೆಮ್ಮೆಯೇ ಆಯಿತು. ಹೆಂಡತಿಗಾಗಿ ಇಷ್ಟು ರೊಕ್ಕ ಹಾಕುವ ಗಂಡಸು ಆ ಓಣಿಯಲ್ಲಿ ಇನ್ನೊಬ್ಬ ಇರಲಿಲ್ಲ. ಗಾಲಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದಳು. ದಾನೇಶ್ವರಿ ಹತ್ತಿ ಕೂತಳು. ಕಾಲಿನ ಹೆಬ್ಬೆರಳಿನ ತುದಿ ಮಾತ್ರ ನೆಲ ಮುಟ್ಟಿತು.

"ಎತ್ತರ ಆಯ್ತಲ್ರಿ," ಅಂದಳು.

"ಸೀಟು ಇಳಸಿದ್ರ ಆಯ್ತು."

"ಸೀಟು ಪೂರಾ ಇಳದೇ ಅದ ಅಣ್ಣ," ಬಸವೇಶ್ವರಿ ಬಗ್ಗಿ ನೋಡಿ ಅಂದಳು.

"ರೂಢಿ ಆಗ್ತದ. ನೀ ಸುಮ್ನಿರು."

ನಾಲ್ಕು ದಿನ ರೂಢಿ ಮಾಡಿಕೊಳ್ಳುವುದರಲ್ಲಿ ಹೋಯಿತು. ನಾಲಾ ದಾಟಿಸಲು ಅದನ್ನು ಎತ್ತಲಾಗದೆ, ದನ ಕಾಯುವವರನ್ನು ಕೂಗಿ ಕರೆಯಬೇಕಾಗುತ್ತಿತ್ತು. ಐದನೆಯ ದಿನ ಕಲ್ಲಿನ ಇಳಿಜಾರಿನಲ್ಲಿ ಬ್ರೇಕು ಹಿಡಿದು ಕಾಲು ಊರಲು ಹೋದವಳಿಗೆ ನೆಲ ಸಿಗಲಿಲ್ಲ. ಸೈಕಲ್ ಮೈಮೇಲೆ ಬಿತ್ತು. ಸೋಮಪಳ್ಳಿಯ ಪೋಸ್ಟ್ ಮಾಸ್ತರ ಭಾಗಣ್ಣ ಫೋನು ಮಾಡಿದ. ಶಾಂತಕುಮಾರ ಹೋಗಿ ಕರೆದುಕೊಂಡು ಬಂದ. ಎಲುಬು ಮುರಿದಿರಲಿಲ್ಲ, ಬಲಗೈ ಮಣಿಕಟ್ಟು ಉಳುಕಿತ್ತು. ಡಾಕ್ಟರು ಪಟ್ಟಿ ಸುತ್ತಿ, ಎರಡು ವಾರ ಭಾರ ಎತ್ತಬೇಡ ಅಂದರು.

"ತುಳೀಲಿಕ್ಕಿ ಬರಲ್ಲಂದ್ರ ಸೈಕಲ್ ಏನು ಮಾಡ್ತದ," ಶಾಂತಕುಮಾರ ರಾತ್ರಿ ಅಂದ. ಸಿಟ್ಟಿನಿಂದ ಅಂದದ್ದಲ್ಲ, ದಣಿದು ಅಂದದ್ದು. "ಸಾಕಾಯ್ತು. ನೌಕರಿ ಬಿಡು. ನಿನ್ನ ಪಗಾರದ ಮ್ಯಾಲ ಈ ಮನಿ ನಡಿಯಲ್ಲ."

ದಾನೇಶ್ವರಿ ಎಡಗೈಯಿಂದ ಅನ್ನ ಕಲಸುತ್ತಿದ್ದಳು. "ಬಿಡಂಗಿಲ್ರಿ," ಅಂದಳು.

"ಅವ್ವ, ನೀ ಹೇಳು ಅಕಿಗಿ."

ರತ್ನಾಬಾಯಿ ಸೊಸೆಯ ತಟ್ಟೆಗೆ ಸಾರು ಬಿಟ್ಟಳು. ಮನಸ್ಸಿನಲ್ಲಿ ಮಗನ ಮಾತೇ ಸರಿ ಅನಿಸಿತ್ತು. ಬಿಟ್ಟರೆ ಸಂಜೆಯ ರೊಟ್ಟಿಯೂ ತನಗೆ ತಪ್ಪುತ್ತದೆ ಎಂದು ಲೆಕ್ಕ ಹಾಕಿದ್ದಳು.

ಆದರೆ ರಜೆ ಹಾಕಿದರೆ ಬದಲಿ ಜನರನ್ನು ದಾನೇಶ್ವರಿಯೇ ಹುಡುಕಿ ಕೊಡಬೇಕಾಗಿತ್ತು. ಯಾರೂ ಸಿಗಲಿಲ್ಲ. ಎರಡನೆಯ ದಿನ ಮುಂಜಾನೆ ಅವಳು ಕೈಗೆ ಪಟ್ಟಿ ಕಟ್ಟಿಕೊಂಡೇ ಬಸ್ಸಿಗೆ ಹೊರಟಳು. ಆ ಕೈಯಲ್ಲಿ ಚೀಲ ಹೇಗೆ ಹೊರುತ್ತಾಳೆ ಎಂದು ಗುರುಲಿಂಗಪ್ಪ ಕೇಳಿದ. ರತ್ನಾಬಾಯಿ ಒಲೆ ಆರಿಸಿ, ಸೆರಗು ಸಿಕ್ಕಿಸಿಕೊಂಡು, "ನಾ ಹೋಗ್ತೀನಿ ಜೋಡಿ," ಅಂದಳು. "ಒಂದಿನ ನೋಡಿ ಬರ್ತೀನಿ, ಏನದ ಅಂಥಾದ್ದು."

ಸೋಮಪಳ್ಳಿಯಲ್ಲಿ ಭಾಗಣ್ಣ ತಕರಾರು ಮಾಡಿದ. "ಸರ್ಕಾರಿ ಚೀಲ ಹೊರಗಿನವರ ಕೈಗಿ ಕೊಡಲಿಕ್ಕಿ ಬರಲ್ರಿ ಬಾಯಾರ. ಚೀಲ ಅಕಿ ಹೆಗಲ ಮ್ಯಾಲ ಇರಲಿ. ನೀವು ಜೋಡಿ ನಡೀರಿ."

"ಆಯ್ತು," ಅಂದಳು ರತ್ನಾಬಾಯಿ. ಊರು ದಾಟಿ ತೊಗರಿ ಹೊಲಗಳು ಶುರುವಾದ ಕೂಡಲೇ ಚೀಲ ಇಸಿದುಕೊಂಡು ತನ್ನ ಹೆಗಲಿಗೆ ಹಾಕಿಕೊಂಡಳು.

ಮೊದಲ ಎರಡು ಕಿಲೋಮೀಟರ್ ಅವಳಿಗೆ ಏನೂ ಅನಿಸಲಿಲ್ಲ. ಆಮೇಲೆ ಕೆಂಪು ಕಲ್ಲಿನ ಏರು ಬಂತು. ಕಾಲಿಟ್ಟಲ್ಲಿ ಕಲ್ಲು ಜಾರುತ್ತಿತ್ತು. ನಾಲಾದಲ್ಲಿ ಮೊಣಕಾಲಿನ ಕೆಳಗಿನವರೆಗೆ ನೀರು. ಮೊದಲ ತಾಂಡಾದಲ್ಲಿ ಎರಡು ಕಾಗದ, ಒಂದು ಬ್ಯಾಂಕಿನ ಕವರು. ಎರಡನೆಯ ತಾಂಡಾದಲ್ಲಿ ಮೂರು ಪಿಂಚಣಿ. ಮುಂದಿನ ಹಳ್ಳಿಗೆ ಹೋಗುವಷ್ಟರಲ್ಲಿ ಸೂರ್ಯ ನೆತ್ತಿ ದಾಟಿದ್ದ. ಅಲ್ಲಿ ಜಾನಬಿ ಎಂಬ ಮುದುಕಿ ಹೊಸ್ತಿಲ ಮೇಲೆ ಕೂತಿದ್ದಳು.

"ಮುಂಜಾನಿಂದ ಇಲ್ಲೇ ಕುಂತೀನಿ ಟಪ್ಪಾಲ ಬೇಟಿ," ಅಂದಳು. "ನಿನ್ನಿ ಬರಲಿಲ್ಲಲ್ಲ. ಮೊದ್ಲಿನಾಂವನಂಗ ನೀನೂ ಬಿಟ್ಟಿ ಅಂತ ಮಾಡಿದೆ."

"ಮೊದ್ಲಿನಾಂವ ಏನು ಮಾಡ್ತಿದ್ದ?" ರತ್ನಾಬಾಯಿ ಕೇಳಿದಳು.

"ತಿಂಗಳಿಗೊಮ್ಮೆ ಸೋಮಪಳ್ಳಿಗಿ ಬಾ ಅಂತ ಹೇಳಿ ಕಳಸ್ತಿದ್ದ. ನಾ ಹ್ಯಾಂಗ ಹೋಗ್ಲಿ? ನನ್ನ ತಮ್ಮನ ಮಗ ಗಾಡಿ ಮ್ಯಾಲ ಒಯ್ದು, ಬರುವಾಗ ಅರ್ಧ ರೊಕ್ಕ ತಾನೇ ಇಟ್ಕೋತಿದ್ದ."

ಮುದುಕಿಯ ಹೆಬ್ಬೆರಳು ಸವೆದಿತ್ತು. ಪಿಂಚಣಿಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರ ಮೂರು ಸಲ ಅದನ್ನು ಗುರುತಿಸಲಿಲ್ಲ. ದಾನೇಶ್ವರಿ ನೀರು ತರಿಸಿ, ಬೆರಳು ತೊಳೆದು, ತನ್ನ ಓಢಣಿಯಿಂದ ಒರೆಸಿ, ಎಡಗೈಯಿಂದ ಹಿಡಿದು ಒತ್ತಿದಳು. ಐದನೆಯ ಸಲ ದೀಪ ಹಸಿರಾಯಿತು. ರೊಕ್ಕ ಎಣಿಸಿ ಕೈಯಲ್ಲಿಟ್ಟಳು. ಜಾನಬಿ ಎಣಿಸಲಿಲ್ಲ, ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡಳು. ರತ್ನಾಬಾಯಿಗೆ ಒಂದು ಬೊಗಸೆ ಹಸಿ ತೊಗರಿಕಾಯಿ ಕೊಟ್ಟಳು.

ತಿರುಗಿ ಬರುವಾಗ ಅತ್ತೆ ಸೊಸೆ ನಾಲಾದ ದಂಡೆಯಲ್ಲಿ ಕೂತು ಕಾಯಿ ಸುಲಿದು ತಿಂದರು. ಮನೆ ಮುಟ್ಟಿದಾಗ ಐದೂಮುಕ್ಕಾಲು. ರತ್ನಾಬಾಯಿಯ ಪಾದಗಳು ಊದಿಕೊಂಡಿದ್ದವು. ಬಸವೇಶ್ವರಿ ಒಂಬತ್ತು ರೊಟ್ಟಿ ಬಡಿದು ಇಟ್ಟಿದ್ದಳು, ಒಂದೂ ದುಂಡಗಿರಲಿಲ್ಲ. ರತ್ನಾಬಾಯಿ ಅವುಗಳಲ್ಲೇ ಎರಡು ತಿಂದಳು.

ಶಾಂತಕುಮಾರ ಬಂದ ಮೇಲೆ ಅವಳೇ ಶುರು ಮಾಡಿದಳು.

"ಆ ಹಸಿರು ಸೈಕಲ್ ಮಾರಿ ಬಿಡು."

"ಅದೇ ನಾನೂ ಹೇಳೂದು. ಮಾರಿ, ನೌಕರಿನೂ ಬಿಡಸು."

"ನೌಕರಿ ಮಾತು ನಾ ತಗೀಲಿಲ್ಲ. ಸೈಕಲ್ ಮಾರು ಅಂದೆ. ಅಕಿಗಿ ಬರೋಬರಿ ಆಗೂದು ಇನ್ನೊಂದು ತರೋಣ."

ಶಾಂತಕುಮಾರ ತಟ್ಟೆ ಸರಿಸಿದ. "ಹದಿಮೂರುವರಿ ಸಾವಿರ ಹಾಕೀನವ್ವ. ಯಾರರೆ ಒಂದು ಮಾತು ಚಲೋ ಅಂದ್ರೇನು?"

"ಚಲೋ ಅದ. ನಿನಗ ಚಲೋ ಅದ. ಅಂಗಡ್ಯಾಗ ನೀನೇ ಏರಿ ನೋಡಿದಿ, ಹೌದಿಲ್ಲೋ?"

ಅವನು ನೀರಿನ ತಂಬಿಗೆ ಎತ್ತಿಕೊಂಡ.

"ಒಂದು ಜಂಪರ ಹೊಲಸಬೇಕಂದ್ರೂ ಅಳತಿ ಕೊಡ್ತೀವಿ. ಅಕಿನ್ನ ಕರಕೊಂಡು ಹೋಗಲಿಲ್ಲ, ಕೇಳಲಿಲ್ಲ."

"ನಾ ಅಕಿ ಗಂಡ ಇದೀನಿ. ಅಕಿಗಿ ಏನು ಬೇಕು ನಂಗ ಗೊತ್ತಿಲ್ಲೇನು?"

"ಗೊತ್ತಿದ್ರ ಅಕಿ ಕಾಲು ನೆಲಕ್ಕ ಮುಟ್ಟತಿದ್ವು."

ಗುರುಲಿಂಗಪ್ಪ ಬಾಜಿನ ಮೇಲೆ ಕೆಮ್ಮಿದ. ಶಾಂತಕುಮಾರ ಎದ್ದು ಕೈ ತೊಳೆದು ಹೊರಗೆ ಹೋದ. ದಾನೇಶ್ವರಿ ಒಳಗೆ ನಿಂತು ಎಲ್ಲವನ್ನೂ ಕೇಳಿದ್ದಳು. ಅತ್ತೆಯ ಊದಿದ ಕಾಲಿಗೆ ಹಚ್ಚಲು ಎಣ್ಣೆ ಬಿಸಿ ಮಾಡುತ್ತಿದ್ದಳು.

ಅಬ್ದುಲ್ ಮಜೀದ ರತ್ನಾಬಾಯಿಯ ಮುಂದೆ ಹಸಿರು ಸೈಕಲ್ಲನ್ನು ಒಂದು ಸಲ ಎತ್ತಿ ಇಳಿಸಿದ. "ನೋಡಲಿಕ್ಕಿ ಶಾನದಾರ ಅದ ಅಕ್ಕಾ," ಅಂದ. "ಆದ್ರ ಈ ರೊಕ್ಕದಾಗ ಹಿಂದಿನ ಸ್ಪ್ರಿಂಗು ಇಟ್ಟಾರಂದ್ರ ಖಾಲಿ ತೂಕ. ತುಳದ ಅರ್ಧ ತಾಕತ್ತು ಅದೇ ತಿಂತದ. ಹುಡುಗರು ಫೋಟೋ ತಗಸಲಿಕ್ಕಿ ಒಯ್ತಾರ ಇದು." ವಾರದೊಳಗೆ ಗೊಬ್ಬರದ ಅಂಗಡಿಯವರ ಎತ್ತರದ ಮಗನೊಬ್ಬ ಒಂಬತ್ತು ಸಾವಿರಕ್ಕೆ ಅದನ್ನು ಒಯ್ದ. ಶಾಂತಕುಮಾರ ನೋಟುಗಳನ್ನು ಮಡಚಿ ಕಿಸೆಗೆ ಹಾಕಿಕೊಂಡ. ಅವತ್ತಿನಿಂದ ಅವನು ಡಬ್ಬಿ ತೆಗೆದುಕೊಳ್ಳುವಾಗ, ಇಡುವಾಗ ಮಾತ್ರ ಅಡುಗೆಮನೆಯ ಕಡೆ ಬರುತ್ತಿದ್ದ.

ಮಜೀದನ ತಂಗಿ ರಶೀದಾಬೇಗಂ ಶಹಾಬಾದಿನಲ್ಲಿ ಹಳೆಯ ಸೈಕಲ್ ಮಾರುವ ಅಂಗಡಿ ನಡೆಸುತ್ತಿದ್ದಳು. ವಾಡಿ, ಶಹಾಬಾದಿನ ರೈಲ್ವೆ ನೌಕರರಿಗೆ ವರ್ಗವಾದಾಗ ಮಕ್ಕಳ ಸೈಕಲ್ ಅಲ್ಲೇ ಮಾರಿ ಹೋಗುತ್ತಾರೆ, ಹೆಚ್ಚು ಓಡಿದ್ದಿರುವುದಿಲ್ಲ ಎಂದು ಮಜೀದ ಹೇಳಿದ. ಕೈಯ ಪಟ್ಟಿ ಬಿಚ್ಚಿದ ಮೇಲೆ, ಮೊದಲ ಪಗಾರ ಬಂದ ವಾರದ ಭಾನುವಾರ, ಮೂವರು ಹೆಂಗಸರು ಹೊರಟರು. ಸೇಡಂ ತನಕ ಬಸ್ಸು. ಅಲ್ಲಿಂದ ರೈಲು. ಚಿತ್ತಾಪುರದಲ್ಲಿ ಬಸವೇಶ್ವರಿ ಬುತ್ತಿ ಬಿಚ್ಚಿದಳು. ಕಡಕ್ ರೊಟ್ಟಿ, ಶೇಂಗಾ ಹಿಂಡಿ. ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿಗೆ ಒಂದೂವರೆ ತಾಸು ಕಾದರು.

ರಶೀದಾಬೇಗಂ ಐವತ್ತರ ಹೆಂಗಸು. ಕೈಗೆ ಗ್ರೀಸು ಹತ್ತಿತ್ತು. ಅಂಗಡಿಯ ಮುಂದೆ ಮೂರು ಗುಡ್ಡದ ಸೈಕಲ್ ನಿಲ್ಲಿಸಿದ್ದಳು.

"ಎಷ್ಟು ದೂರ ತುಳೀತಿ ಬೇಟಿ? ಎಂಥಾ ದಾರಿ?"

ದಾನೇಶ್ವರಿ ಹೇಳಿದಳು. ಐದು ಕಿಲೋಮೀಟರ್ ಡಾಂಬರು, ಆಮೇಲೆ ಕಲ್ಲು, ನಾಲಾ, ಏರು, ಚೀಲದ ಭಾರ.

"ಹಂಗಾದ್ರ ಬಣ್ಣ ನೋಡಬ್ಯಾಡ, ಗೇರು ಎಣಸಬ್ಯಾಡ. ಮೊದ್ಲು ನಡುವಿನ ರಾಡಿನ ಮ್ಯಾಲ ಕಾಲು ಹಾಕಿ ನಿಂದ್ರು. ರಾಡಿಗೂ ನಿಂಗೂ ನಾಲ್ಕು ಬೆರಳು ಸಂದಿ ಇರಬೇಕು. ಕಲ್ಲಿನ ಮ್ಯಾಲ ಥಟ್ಟನ ಇಳೀಬೇಕಾಗ್ತದ."

ಮೊದಲನೆಯದರಲ್ಲಿ ಅಷ್ಟು ಸಂದಿ ಇರಲಿಲ್ಲ, ಅದನ್ನು ಬಿಟ್ಟರು. ಉಳಿದದ್ದು ಎರಡು. ಒಂದು ನೀಲಿ, ಇಪ್ಪತ್ತೊಂದು ಗೇರಿನದು, ಹೊಸದರಂತೆ ಹೊಳೆಯುತ್ತಿತ್ತು. ಇನ್ನೊಂದು ಬೂದಿ ಬಣ್ಣದ್ದು, ಏಳು ಗೇರು, ಮೈತುಂಬ ಗೀರು. ಎರಡಕ್ಕೂ ಮುಂದೆ ಮಾತ್ರ ಸ್ಪ್ರಿಂಗು, ಎರಡಕ್ಕೂ ತಂತಿಯ ಡಿಸ್ಕ್ ಬ್ರೇಕು.

"ನೀಲಿದು ತಗೋ ಅತ್ತಿಗಿ," ಬಸವೇಶ್ವರಿ ಅಂದಳು. "ಇಪ್ಪತ್ತೊಂದು ಗೇರು."

ರತ್ನಾಬಾಯಿ ಸೆರಗು ಸಿಕ್ಕಿಸಿ ಎರಡನ್ನೂ ಒಂದೊಂದಾಗಿ ಎತ್ತಿ ನೋಡಿದಳು, ಬಾವಿಕಟ್ಟೆಯ ಮೇಲೆ ಕೊಡ ಎತ್ತುವಂತೆ. ಬೂದಿಯದು ಹಗುರಿತ್ತು. ಬ್ರೇಕಿನ ಹಿಡಿಕೆಯನ್ನು ಹಿಡಿದಳು. "ಇದು ಕೆಟ್ರ ಚಿಂಚೋಳ್ಯಾಗ ಮಜೀದಭಾಯಿ ಮಾಡ್ತಾರೇನು?" ಎಂದು ಕೇಳಿದಳು.

"ಬೂದಿದು ಮಾಡ್ತಾನ. ಪೆಡಲಿನ ಕಡಿ ಒಂದೇ ಹಲ್ಲಿನ ಚಕ್ರ, ಕೆಡೂದೇ ಕಡಿಮಿ. ನೀಲಿದರ ಗೇರು ಬಿಗದ್ರ ನನ್ನ ಕಡಿನೇ ತರಬೇಕು. ನಾ ಸುಳ್ಳು ಹೇಳಲ್ಲ, ನೀಲಿದು ಮಾರಿದ್ರ ನಂಗ ಒಂದೂವರಿ ಸಾವಿರ ಜಾಸ್ತಿ ಸಿಗ್ತದ."

ಮೂವರೂ ರತ್ನಾಬಾಯಿಯ ಕಡೆ ನೋಡಿದರು. ಅವಳು ಸೊಸೆಯ ಕಡೆ ತಿರುಗಿದಳು.

"ತುಳಿಯಾಕಿ ನೀ. ನಿನಗ ಯಾವುದು ಬೇಕು?"

ದಾನೇಶ್ವರಿ ಎರಡನ್ನೂ ಅಂಗಡಿಯ ಹಿಂದೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಗಣಿ ದಾರಿಯಲ್ಲಿ ತುಳಿದು ಬಂದಳು. ನೀಲಿಯದರ ಮೇಲೆ ಗೇರು ಬದಲಿಸುವಾಗ ಎರಡು ಸಲ ಸರಪಳಿ ಕಳಚಿತು. ಬೂದಿಯದನ್ನು ಏರಿನ ತುದಿಯವರೆಗೆ ಇಳಿಯದೆ ಒಯ್ದಳು. ಇಳಿಜಾರಿನಲ್ಲಿ ನಡುವೆ ನಿಲ್ಲಿಸಿ ಎರಡೂ ಪಾದ ನೆಲಕ್ಕೆ ಊರಿದಳು. ಮತ್ತೆ ಹತ್ತಿ ಬಂದಳು.

"ಇದೇ," ಅಂದಳು. ತನ್ನ ಪಗಾರದಲ್ಲಿ ಆರು ಸಾವಿರದ ಎಂಟುನೂರು ಕೊಟ್ಟಳು. ರಶೀದಾಬೇಗಂ ಎರಡು ಹಳೆಯ ಟ್ಯೂಬು, ಪಂಚರ್ ಪಟ್ಟಿ, ಒಂದು ಕೈ ಪಂಪು ಸೇರಿಸಿ ಕೊಟ್ಟಳು. ಸೇಡಂಗೆ ಫರ್ಸಿ ಕಲ್ಲು ಒಯ್ಯುವ ಟೆಂಪೋದವನಿಗೆ ಹೇಳಿ, ಕಲ್ಲಿನ ಮೇಲೆ ಗೋಣಿ ಹಾಸಿ ಸೈಕಲ್ ಮಲಗಿಸಿ ಕಟ್ಟಿಸಿದಳು.

ಡಿಸೆಂಬರ್ ಹೀಗೆ ಕಳೆಯಿತು. ಮೊದಲ ವಾರ ದಾನೇಶ್ವರಿ ಏರಿನಲ್ಲಿ ಇಳಿದು ತಳ್ಳುತ್ತಿದ್ದಳು. ಏರು ಬರುವ ಮೊದಲೇ ಗೇರು ಇಳಿಸಬೇಕು ಎಂಬುದು ತಿಳಿಯಲು ಹತ್ತು ದಿನ ಹಿಡಿಯಿತು. ಆಮೇಲೆ ಎರಡೂವರೆಗೆ ಮನೆಗೆ ಬರತೊಡಗಿದಳು. ಗುರುಲಿಂಗಪ್ಪ ಪ್ರತಿ ಭಾನುವಾರ ಹಳೆಯ ಬನಿಯನ್ ಹರಿದು ಸರಪಳಿ ಒರೆಸಿ ಎಣ್ಣೆ ಹನಿಸುತ್ತಿದ್ದ. ಗೇರಿನ ತಂತಿ ಮುಟ್ಟುವ ಮೊದಲು ಸೊಸೆಯನ್ನು ಕೂಗಿ ಕೇಳುತ್ತಿದ್ದ. ಸಂಜೆಯ ರೊಟ್ಟಿಯ ಪಾಳಿ ಮೂವರಲ್ಲಿ ಹಂಚಿಹೋಯಿತು. ಒಂದು ದಿನ ಮೇಲಧಿಕಾರಿ ಸೋಮಪಳ್ಳಿಗೆ ಬಂದು ದಫ್ತರ ನೋಡಿ, ಗುಡ್ಡದ ಪಿಂಚಣಿ ಈ ತಿಂಗಳು ಒಂದೂ ಬಾಕಿ ಇಲ್ಲ ಎಂದು ಭಾಗಣ್ಣನಿಗೆ ಹೇಳಿ ಹೋದ.

ಶಾಂತಕುಮಾರ ಮಾತ್ರ ಆ ಸೈಕಲ್ಲನ್ನು ಮುಟ್ಟಲಿಲ್ಲ. ಅದು ಬಾಗಿಲಿಗೆ ಅಡ್ಡವಿದ್ದರೆ ಸುತ್ತಿ ಹೋಗುತ್ತಿದ್ದ. ಹೆಂಡತಿಗೆ ಹೇಳಬೇಕಾದ್ದನ್ನು ತಂಗಿಯ ಕಡೆಯಿಂದ ಹೇಳಿಸುತ್ತಿದ್ದ. "ನಿಮ್ಮತ್ತಿಗಿಗಿ ಹೇಳು, ನಾಳಿ ನಂದು ಮುಂಜಾನಿ ಪಾಳಿ ಅದ." ದಾನೇಶ್ವರಿ ಅಲ್ಲೇ ನಿಂತಿರುತ್ತಿದ್ದಳು. ನಾಲ್ಕಕ್ಕೆ ಎದ್ದು ಡಬ್ಬಿ ಕಟ್ಟಿ ಕೊಡುತ್ತಿದ್ದಳು. ರತ್ನಾಬಾಯಿ ಇದರ ನಡುವೆ ಬರಲಿಲ್ಲ. ತಾನು ಆಡಬೇಕಾದ್ದು ಆಡಿಯಾಗಿದೆ, ಮುಂದಿನದು ಅವರಿಬ್ಬರದು ಎಂದುಕೊಂಡಿದ್ದಳು.

ಸಂಕ್ರಮಣ ಕಳೆದ ನಾಲ್ಕನೆಯ ದಿನ ಶಾಂತಕುಮಾರ ಬೇಗ ಮನೆಗೆ ಬಂದಿದ್ದ. ಮೂರಾಯಿತು, ಮೂರೂವರೆಯಾಯಿತು, ದಾನೇಶ್ವರಿಯ ಸುಳಿವಿಲ್ಲ. ಅವನು ಎರಡು ಸಲ ಬಾಗಿಲಿಗೆ ಹೋಗಿ ಬಂದ. ಮೂರನೆಯ ಸಲ ಮೋಟಾರ್ ಸೈಕಲ್ಲಿನ ಕೀಲಿ ತೆಗೆದುಕೊಂಡ. ಅಷ್ಟರಲ್ಲಿ ಅವಳು ಓಣಿಯ ತಿರುವಿನಲ್ಲಿ ಸೈಕಲ್ ತಳ್ಳುತ್ತ ಬಂದಳು. ಹಿಂದಿನ ಗಾಲಿ ನೆಲಕ್ಕೆ ಕೂತಿತ್ತು.

"ಜಾಲಿ ಮುಳ್ಳು ಅತ್ತಿ," ಅಂದಳು. "ಸೋಮಪಳ್ಳಿಂದ ನಡಕೋತ ಬಂದೀನಿ. ಪಂಪು ಮನ್ಯಾಗೇ ಬಿಟ್ಟು ಹೋಗಿದ್ದೆ."

ಶಾಂತಕುಮಾರ ಕೀಲಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದ. ತಂಗಿ ಮನೆಯಲ್ಲಿರಲಿಲ್ಲ. "ಮಜೀದಭಾಯಿ ಕಡಿ ಒಯ್ದು ಕೊಡ್ಲೇನು?" ಎಂದು ನೇರವಾಗಿಯೇ ಕೇಳಬೇಕಾಯಿತು.

"ಬ್ಯಾಡ್ರಿ. ನಾನೇ ಹಾಕ್ತೀನಿ. ನಾಳಿ ಗುಡ್ಡದ ಮ್ಯಾಲ ಆದ್ರ ಮಜೀದಭಾಯಿ ಎಲ್ಲಿಂದ ಬರ್ತಾರ?"

ಅವಳು ಅಂಗಳದಲ್ಲಿ ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಟಯರಿನೊಳಗಿಂದ ಟ್ಯೂಬು ಎಳೆದು, ಬೋಗಾಣಿಯ ನೀರಿನಲ್ಲಿ ಅದ್ದಿದಳು. ಗುರುಲಿಂಗಪ್ಪ ಬಾಜಿನ ಮೇಲಿಂದ ಹಿಂಗ ಹಿಡಿ, ಹಂಗ ಹಿಡಿ ಎಂದು ಶುರು ಮಾಡಿದ. ರತ್ನಾಬಾಯಿ ಅವನ ಕೈಗೆ ಚಹಾದ ಕಪ್ಪು ಕೊಟ್ಟು ಸುಮ್ಮನಾಗಿಸಿದಳು. ತೂತು ಸಿಕ್ಕಿತು. ಒರೆಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಪಟ್ಟಿ ಅಂಟಿಸಿದಳು. ಮತ್ತೆ ಅದ್ದಿದರೆ ಇನ್ನೂ ಗುಳ್ಳೆ.

ಶಾಂತಕುಮಾರ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. "ಇಲ್ಲಿ," ಎಂದು ಬೆರಳಿಟ್ಟು ತೋರಿಸಿದ. "ಇಲ್ಲೊಂದು ಅದ."

"ಹಿಡೀರಿ, ಬಿಡಬ್ಯಾಡ್ರಿ."

ಅವನು ಹಿಡಿದುಕೊಂಡ. ಅವಳು ಎರಡನೆಯ ಪಟ್ಟಿ ಹಚ್ಚಿದಳು. ಟ್ಯೂಬು ಒಳಗೆ ಹೋಯಿತು, ಟಯರು ಕೂತಿತು. ಅವನು ಪಂಪು ತಂದು ಗಾಲಿಗೆ ಸಿಕ್ಕಿಸಿದ. ಹೊಡೆಯುವ ಮೊದಲು ಕೈ ತಡೆದ.

"ಎಷ್ಟು ಹೊಡೀಲಿ?"

"ಹೊಡೀರಿ. ನಾ ಹೇಳ್ತೀನಿ."

ಅವನು ಹೊಡೆಯತೊಡಗಿದ. ದಾನೇಶ್ವರಿ ಹೆಬ್ಬೆರಳಿನಿಂದ ಟಯರು ಒತ್ತಿ ನೋಡಿದಳು. "ಇನ್ನಾ," ಅಂದಳು. ಅವನು ಅವಳ ಹೆಬ್ಬೆರಳನ್ನೇ ನೋಡುತ್ತ ಹೊಡೆಯುತ್ತ ಹೋದ. ಅವಳು ಸಾಕು ಅನ್ನುವವರೆಗೆ ನಿಲ್ಲಿಸಲಿಲ್ಲ.